ಮಷೀನ್ ಮಾವಶಿಯ ಎಡಗಾಲು

ಹೊಲಿಗೆ ಮಷೀನಿಗೆ ಬಿಡುವ ಎಣ್ಣೆಗೆ ಅದರದೇ ಒಂದು ವಾಸನೆ. ಹೋದ ವಾರ ಸಿಂದಗಿಯ ಪೇಟೆಯಲ್ಲಿ ರಿಪೇರಿಯವನೊಬ್ಬ ಹಳೆಯ ಕಾಲುಮಷೀನು ಬಿಚ್ಚಿಕೊಂಡು ಕೂತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಯಿಪಲ್ಯೆಯ ಚೀಲ ಹಿಡಿದವಳು ಅಲ್ಲೇ ನಿಂತುಬಿಟ್ಟೆ. ಇಂಡಿ ಊರಿನ ಆ ಪಡಸಾಲೆ, ಕಿಟಕಿಗೆ ಹತ್ತಿದ ಮಷೀನು, ಅದರ ಹಿಂದೆ ಬಗ್ಗಿ ಕೂತ ಮಾವಶಿ...

ಎಪ್ಪತ್ತರ ದಶಕದ ಕೊನೆ ಅದು. ಇಂಡಿಯ ಹೆಣ್ಣುಮಕ್ಕಳ ಸಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಹೊಸದಾಗಿ ಬಂದಿದ್ದೆ. ಮಾವಶಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರೆಲ್ಲ ಆಕೆಯನ್ನು ‘ಮಷೀನ್ ಮಾವಶಿ’, ಅಂದರೆ ಮಷೀನಿನ ಚಿಕ್ಕಮ್ಮ, ಅಂತಲೇ ಕರೆಯುತ್ತಿತ್ತು. ಸಣ್ಣ ವಯಸ್ಸಿನಲ್ಲಿ ಗಂಡ ತೀರಿಕೊಂಡಾಗ ತಂಗಡಗಿಯ ತವರಿಗೆ ಹೋಗದೆ, ಒಂದು ಮಷೀನು ನಂಬಿ ಬದುಕು ಕಟ್ಟಿದ ಹೆಂಗಸು. ಐವತ್ತು ದಾಟಿರಲಿಲ್ಲ. ಸುಟ್ಟ ತಂಬಾಕಿನ ಪುಡಿ, ಮಿಶ್ರಿ, ಹಲ್ಲಿಗೆ ತಿಕ್ಕುವುದೊಂದೇ ಆಕೆಯ ಚಟ. ಅದು ಮಾತ್ರ ದಿನಕ್ಕೆ ನಾಲ್ಕು ಸಲ.

ಮೊದಮೊದಲು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಎರಡು ಕಡೆ ನಿಲ್ಲುತ್ತಿದ್ದಳು. ಮೀನಖಂಡ ಹಿಡಿಯುತ್ತದೆ ಅನ್ನುತ್ತಿದ್ದಳು. ಬರಬರುತ್ತ ಮಷೀನು ತುಳಿಯುವಾಗಲೂ ಹಿಡಿಯತೊಡಗಿತು. ಎಡಗಾಲಿನ ಹೆಬ್ಬೆರಳ ಬದಿಗೆ ಸೂಜಿ ಚುಚ್ಚಿದಷ್ಟೇ ಗಾಯ, ತಿಂಗಳು ಕಳೆದರೂ ಮಾಯಲಿಲ್ಲ. ಒಂದು ದಿನ ಪಾದ ಮುಟ್ಟಿ ನೋಡಿದೆ. ಕೊಡದೊಳಗಿನ ನೀರಿನ ಹಾಗೆ ತಣ್ಣಗಿತ್ತು. ದೊಡ್ಡ ಊರಿನ ಸರ್ಜನ್ನರಿಗೆ ತೋರಿಸಿದಾಗ, ತೊಡೆಯ ರಕ್ತನಾಳ ಮುಚ್ಚಿಹೋಗಿದೆ, ಮೊಣಕಾಲಿನ ಮೇಲಕ್ಕೆ ಕತ್ತರಿಸದಿದ್ದರೆ ಜೀವಕ್ಕೇ ಅಪಾಯ ಅಂದುಬಿಟ್ಟರು. ಮಾವಶಿ ಅವರ ಹತ್ತಿರ ಎಂಟು ದಿನದ ಗಡುವು ಕೇಳಿಕೊಂಡು ಬಂದಳು. ಸಾಲೆಯ ಹುಡುಗಿಯರ ಲಂಗ ಬಾಕಿ ಇದ್ದವಂತೆ!

ಸುದ್ದಿ ತಿಳಿದು ಆಕೆಯ ಅಣ್ಣ ತಂಗಡಗಿಯಿಂದ ಬಂದ. ಒಳ್ಳೆಯ ಮನುಷ್ಯ. ಕಟ್ಟೆಯ ಮೇಲೆ ಕೂತು, “ಕಾಲ ಹೋದ್ರ ಹೋಗ್ಲಿ ಬಿಡವಾ. ಕೂತು ಉಣ್ಣಾಕ ತಂಗಡಗ್ಯಾಗ ಅನ್ನ ಐತಿ” ಅಂದ.

ಮಾವಶಿ ಮಷೀನು ನಿಲ್ಲಿಸದೆ, “ಕೂತು ಉಣ್ಣಾಕ ಕಾಲ ಬ್ಯಾಡೋ ಯಣ್ಣಾ. ಕೂತು ಹೊಲ್ಯಾಕ ಬೇಕು” ಅಂದಳು.

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಓಡಿದವಳೇ ಇಂಡಿಯ ಹಳೆಯ ಡಾಕ್ಟರರ ದವಾಖಾನೆಯಲ್ಲಿ ನಿಂತೆ. ಬೇರೆ ಏನೂ ದಾರಿಯೇ ಇಲ್ಲವೇ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ತಮ್ಮ ಜೊತೆ ಓದಿದವನೊಬ್ಬ ಪರದೇಶದಲ್ಲಿ ಕಲಿತು ಬೊಂಬಾಯಿಗೆ ಬಂದಿದ್ದಾನೆ, ಕಾಲು ಕೊಯ್ಯದೆ ರಕ್ತನಾಳದೊಳಗೆ ತಂತಿ, ನಳಿಗೆ ತೂರಿಸಿ ದಾರಿ ಬಿಡಿಸುತ್ತಾನಂತೆ, ಮಾಡಿದ್ದು ಬೆರಳೆಣಿಕೆಯಷ್ಟು ಅಂದರು. ಅವತ್ತೇ ಟೆಲಿಗ್ರಾಂ ಕಳಿಸಿದರು. ಮೂರನೇ ದಿನ ಉತ್ತರ: ಬೆರಳು ಕಪ್ಪಾಗುವ ಮೊದಲು ಕರೆತನ್ನಿ.

ಅಣ್ಣನಿಗೆ ಸಿಟ್ಟು ಬಂತು. “ಅಕ್ಕೋರ, ನಾಳೆ ಏನರ ಆದ್ರ ಯಾರ್ ಜವಾಬ್ದಾರಿ?” ಅಂತ ನನ್ನನ್ನೇ ಕೇಳಿದ. ನಾನಿನ್ನೂ ಇಪ್ಪತ್ತೆರಡರವಳು. ಮಾವಶಿಯೇ ಎದ್ದು ನಿಂತು, “ಕಾಲ ನಂದು. ಜವಾಬ್ದಾರಿನೂ ನಂದ” ಅಂದಳು. ಪಾಪ, ಇಂಡಿ ರೋಡ್ ಸ್ಟೇಶನ್ನಿಗೆ ನಮ್ಮನ್ನು ಚಕ್ಕಡಿಯಲ್ಲಿ ಬಿಟ್ಟುಬಂದವನೂ ಅವನೇ.

ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಬೊಂಬಾಯಿ ಮುಟ್ಟಿದೆವು. ಇಬ್ಬರೂ ಅಷ್ಟು ದೂರ ಹೋದದ್ದು ಅದೇ ಮೊದಲು. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ... ಆದರೆ ಅದಕ್ಕಿಂತ ಹೆಚ್ಚಾಗಿ ಎದೆಯೊಳಗೆ ಒಂಥರದ ಕುಣಿತ. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ತೊಡೆಯಲ್ಲಿ ಬಿಳಿ ಗೆರೆಯಾಗಿ ಇಳಿದ ನಾಳ ಒಂದು ಕಡೆ ಥಟ್ಟನೆ ನಿಂತು, ನಾಲ್ಕು ಬೆರಳು ಕೆಳಗೆ ಮತ್ತೆ ಶುರುವಾಗಿತ್ತು. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ ಮೊದಲು ತಂತಿ, ಅದರ ಮೇಲೆ ಸಣ್ಣ ನಳಿಗೆ, ಅದರ ಮೇಲೆ ದಪ್ಪ ನಳಿಗೆ. ಗೆದ್ದೇ ಗೆಲ್ಲುತ್ತೇವೆ ಅನ್ನಲಾರೆ, ಸೋತರೆ ಕತ್ತರಿಸುವುದೇ ಉಳಿಯುತ್ತದೆ ಅಂದರು.

ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಬಿಡಿಸಿ ಹೇಳಬೇಕೆನ್ನುವಷ್ಟರಲ್ಲಿ ಮಾವಶಿ ಕೈ ಎತ್ತಿದಳು. “ತಿಳೀತು ಬಿಡ್ರಿ. ಲಂಗದ ಸೊಂಟದ ನೇಫಾದಾಗ ಲಾಡಿ ಏರಿಸಿದಂಗ. ನೇಫಾ ಅಂಟಿಕೊಂಡಿದ್ರ ಮೊದಲ ಸಣ್ಣ ಕಡ್ಡಿ ಹಾಕ್ತೇವಿ. ಜಗ್ಗಾಡಿದ್ರ ಬಟ್ಟಿ ಹರೀತೈತಿ. ಸಾವಕಾಶ ಹಾಕ್ರಿ ಅಂತ ಹೇಳ್ರಿ ಇವರಿಗೆ.”

ನಾನು ಹೇಳಿದೆ. ಡಾಕ್ಟರು ಬಿದ್ದು ಬಿದ್ದು ನಕ್ಕರು. ಮಿಶ್ರಿ ಬಿಡಬೇಕೆಂದು ಅವರು ಹಾಕಿದ ಷರತ್ತಿಗೆ ಮಾವಶಿ ಡಬ್ಬಿಯನ್ನೇ ಅವರ ಟೇಬಲ್ಲಿನ ಮೇಲೆ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ರಕ್ತ ಪರಿಚಲನೆಯ ಪಾಠವನ್ನು ಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದೆನೋ... ಆ ಬೆಂಚಿನ ಮೇಲೆ ಒಂದು ಸಾಲೂ ನೆನಪಿಗೆ ಬರಲಿಲ್ಲ. ನಡುವೆ ಒಮ್ಮೆ ಮಾವಶಿ ಕೂಗಿದ್ದು ಕೇಳಿತು. ಅಣ್ಣನಿಗೆ ಏನು ಹೇಳಲಿ ಅಂತ ಮಾತು ಜೋಡಿಸಿಕೊಳ್ಳುತ್ತಿದ್ದಾಗ ಬಾಗಿಲು ತೆರೆಯಿತು. ಡಾಕ್ಟರು, “ಟೀಚರ್, ಒಳಗೆ ಬನ್ನಿ” ಅಂದರು. ನನ್ನ ಎರಡು ಬೆರಳು ಹಿಡಿದು ಮಾವಶಿಯ ಎಡಪಾದದ ಮೇಲೆ ಇಟ್ಟರು.

ಬಡಿಯುತ್ತಿತ್ತು! ಗುಬ್ಬಿಮರಿಯ ಎದೆಯ ಹಾಗೆ ಪುಟಪುಟ ಬಡಿಯುತ್ತಿತ್ತು. ಪಾದ ಬೆಚ್ಚಗಿತ್ತು. ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಪೂರ್ತಿ ಎಚ್ಚರವಾಗಿದ್ದ ಮಾವಶಿಯ ಬಾಯಿ ನಿಲ್ಲಲೇ ಇಲ್ಲ. “ಅಕ್ಕೋರ, ಟೀವಿಯೊಳಗ ನನ್ನ ಕಾಲ ನಾನ ನೋಡಿದ್ನಿ! ಔಷಧ ಬಿಟ್ಟಾಗ ಬೆಂಕಿ ಹರದಂಗಾತು, ಚೀರಿದ್ನಿ. ತಂತಿ ಒಂದು ಕಡೆ ನಿಂತು ಬಿಡ್ತು. ಸಾವಕಾಶ, ಸಾವಕಾಶ ಅಂತ ನಾನ ಹೇಳಿದ್ನಿ...”

ಊರಿಗೆ ಬಂದ ದಿನ ಬಸ್‌ಸ್ಟ್ಯಾಂಡಿನಿಂದ ಮನೆತನಕ ಎಲ್ಲೂ ನಿಲ್ಲದೆ ನಡೆದಳು. ಅಣ್ಣ ಹಿಂದಿನಿಂದ, “ಸಾವಕಾಶ ನಡಿಯವಾ!” ಅಂತ ಏದುಸಿರು ಬಿಡುತ್ತ ಬಂದ. ಓಣಿಯ ಹೆಂಗಸರೆಲ್ಲ ಆ ನಾಡಿ ಮುಟ್ಟಿ ನೋಡಲು ಸಾಲುಗಟ್ಟಿದರು. “ಕಾಲ ಮುಟ್ಟಬ್ಯಾಡ್ರೇ, ನಾ ಏನ್ ದೇವ್ರಾ?” ಅಂತ ಬೈಯುತ್ತಲೇ ಪಾದ ಮುಂದೆ ಚಾಚಿದ್ದಳು.

ಮುಂದೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ವರ್ಷ ಎಂಟು ಆಕೆ ಅದೇ ಕಾಲಿನಿಂದ ಹೊಲಿದಳು. ಕೊನೆಗೆ ಕೈಕೊಟ್ಟದ್ದು ಎದೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು...

ಈಗ ಅದೆಲ್ಲ ಸಾಮಾನ್ಯ. ನಿನ್ನೆ ನಮ್ಮ ಪಕ್ಕದ ಮನೆಯವರು ಕಾಲಿಗೆ ಅಂಥದೇ ಚಿಕಿತ್ಸೆ ಮಾಡಿಸಿಕೊಂಡು ಎರಡೇ ದಿನಕ್ಕೆ ಮನೆಗೆ ಬಂದರು. ನೋಡಲು ಹೋದೆ. ಅವರು ಚಹಾ ಕುಡಿಯುತ್ತ ಪೇಪರ್ ಓದುತ್ತಿದ್ದರು. ಹೇಳಬೇಕೆಂದು ಬಾಯಿ ತೆರೆದೆ, ಎಲ್ಲಿಂದ ಶುರು ಮಾಡಲಿ ಅಂತ ತಿಳಿಯಲಿಲ್ಲ. ಆವತ್ತಿನ ಖುಷಿ ಎಷ್ಟಿತ್ತೆಂದು ಗೊತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬಳೇ.