ನೆತ್ತಿಯ ಮೇಲೆ ನೇರಳೆ ಬೆಳಕು

ನಮ್ಮೂರಿನ ವಾಕಡ ಬಡಾವಣೆಯಲ್ಲಿ ನನ್ನ ಸೋದರತ್ತೆಯ ಬ್ಯೂಟಿ ಪಾರ್ಲರ್ ಇದೆ. ಅಲ್ಲಿ ಮೊಡವೆಗೆ ಬಳಸುವ ಒಂದು ಹೈ ಫ್ರೀಕ್ವೆನ್ಸಿ ಯಂತ್ರ: ಗಾಜಿನ ಕೊಳವೆಯೊಳಗೆ ನೇರಳೆ ಬೆಳಕು, ಚರ್ಮಕ್ಕೆ ತಾಗಿದರೆ ಚುರ್ರೆನ್ನುವ ಸಣ್ಣ ಕಿಡಿ. ನನ್ನ ನೆತ್ತಿ ತೆಳುವಾಗುತ್ತಿತ್ತು; ಎರಡು ತಿಂಗಳಲ್ಲಿ ಹುಡುಗಿ ನೋಡಲು ಹೋಗುವುದಿತ್ತು. ಹೀಗಾಗಿ ಊರೆಲ್ಲರ ದನಿ ಅಣಕಿಸುವ ನಾನು ಪ್ರತಿ ಸೋಮವಾರ, ಗಿರಾಕಿಗಳಿಲ್ಲದ ವೇಳೆ, ಬಾಯಿ ಮುಚ್ಚಿಕೊಂಡು ಅಲ್ಲಿ ಕೂರುತ್ತಿದ್ದೆ. ಅತ್ತೆ ಬಾಚಣಿಗೆಯಂಥ ಕೊಳವೆಯನ್ನು ನನ್ನ ತಲೆಯ ಮೇಲೆ ಎಳೆಯುತ್ತಿದ್ದರು.

ಒಂದು ಸೋಮವಾರ ಅಜ್ಜ ಬಂದವರು ನನ್ನನ್ನು ನೋಡುವ ಮೊದಲೇ ಯಂತ್ರದ ಗುರುತು ಹಿಡಿದರು. ಅವರು ಇದೇ ಊರಿನ ಶಿವಾಜಿನಗರದ ಒಬ್ಬ ಡಾಕ್ಟರರ ಕಂಪೌಂಡರ್ ಆಗಿದ್ದವರು. ಆ ದವಾಖಾನೆಯಲ್ಲಿ ಇದೇ ಯಂತ್ರ, ಮಖಮಲ್ಲು ಹಾಸಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇತ್ತಂತೆ. ಕೀಲುನೋವು, ನಿದ್ದೆ ಬಾರದ್ದು, ಕೂದಲು ಉದುರುವುದು, ಎಲ್ಲಕ್ಕೂ ಅದೇ; ಕೊಳವೆ ಮಾತ್ರ ಬೇರೆ. ಗುಳಿಗೆ, ಇಂಜೆಕ್ಷನ್ ಹೆಚ್ಚಾದ ಮೇಲೆ ಪೆಟ್ಟಿಗೆ ಅಟ್ಟ ಸೇರಿತು. ಈಗ ಪ್ಲಾಸ್ಟಿಕ್ ಅಂಗಿ ತೊಟ್ಟು ಪಾರ್ಲರಿಗೆ ಬಂದಿದೆ.

“ಕೂದಲಾ ಬರತಿದ್ವೇನ ಅಜ್ಜಾ?”

“ನಮ್ಮ ಡಾಕ್ಟರ್ ತಲೀನ ಬೋಳಿತ್ತಪಾ. ಯಾರರೆ ಕೇಳಿದ್ರ, ಸಾಹೇಬ್ರಿಗೆ ಯಂತ್ರದ ಮುಂದ ಕೂಡಲಿಕ್ಕೆ ಪುರಸೊತ್ತಿಲ್ರಿ ಅಂತಿದ್ದೆ.”

ಪಾರ್ಲರ್ ಕೋರ್ಸಿನಲ್ಲಿ ಕಲಿಸಿದ್ದು ಮೊಡವೆಗಷ್ಟೇ, ಕೂದಲಿಗೆ ಗಿರಾಕಿಗಳು ಕೇಳುತ್ತಾರೆಂದು ಮಾಡುವುದು ಎಂದು ಅತ್ತೆಯೂ ಒಪ್ಪಿಕೊಂಡರು. ಆದರೂ ನಾನು ಎಂಟು ಸೋಮವಾರ ಬಿಡಲಿಲ್ಲ.

ಹುಡುಗಿಯ ಮನೆಗೆ ಮುಂಗೂದಲನ್ನು ಹಿಂದಕ್ಕೆ ಬಾಚಿ, ಜೆಲ್ ಹಚ್ಚಿ, ನೆತ್ತಿ ಮುಚ್ಚಿಕೊಂಡು ಹೋದೆ. ಹಿರಿಯರ ಕಾಲು ಮುಟ್ಟಬೇಕಲ್ಲ ಎಂಬುದು ಮರೆತೇಹೋಗಿತ್ತು. ಆ ಮನೆಯಲ್ಲಿ ಹಿರಿಯರು ಏಳು ಜನ. ಏಳು ಸಲ ಬಗ್ಗಿದೆ. ಏಳು ಸಲ ಇಡೀ ಹಾಲ್ ನನ್ನ ನೆತ್ತಿಯ ದರ್ಶನ ಪಡೆಯಿತು. ಹುಡುಗಿ ಅವಲಕ್ಕಿ ಪೋಹೆಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

ಬಾಲ್ಕನಿಯಲ್ಲಿ ನಮ್ಮಿಬ್ಬರನ್ನೇ ಬಿಟ್ಟಾಗ ಯಂತ್ರ, ಸೋಮವಾರಗಳು, ಬೋಳು ಡಾಕ್ಟರು, ಎಲ್ಲವನ್ನೂ ಅವರವರ ದನಿಯಲ್ಲೇ ಹೇಳಿಬಿಟ್ಟೆ. ಅವಳು ನಗಲಿಲ್ಲ.

“ಬಗ್ಗರಿ, ನೋಡತೀನಿ.”

ಬಗ್ಗಿದೆ. ಸಾವಕಾಶ ನೋಡಿದಳು.

“ಏನೂ ಬಂದಿಲ್ರಿ. ನಿಮ್ಮ ಅತ್ತಿಯವ್ರು ಏನಂದ್ರು?”

“ಸಣ್ಣಸಣ್ಣವು ಬರಾಕತ್ತ್ಯಾವ ಅಂದ್ರು.”

“ನೀವು ನಂಬಿದ್ರಿ?”

“ಭಾಳ ನಂಬಿದೆರಿ.”

ಆಗ ನಕ್ಕಳು.

ಮನೆಗೆ ಬಂದು ಹುಡುಗಿಗೆ ಹೂಂ ಅಂದೆ, ಯಂತ್ರಕ್ಕೆ ಸಾಕು ಅಂದೆ. ಅತ್ತೆ ಎರಡನೆಯದಕ್ಕೆ ಮುಖ ಊದಿಸಿಕೊಂಡರು. ಗುರುವಾರ ಆ ಕಡೆಯಿಂದ ಒಪ್ಪಿಗೆಯ ಫೋನು ಬಂತು. ಮದುಮಗನ ಪೇಟಕ್ಕೆ ತಲೆಯ ಅಳತೆ ಈಗಲೇ ಬೇಕಂತೆ, ಸ್ವಲ್ಪ ದೊಡ್ಡದೇ ಕಟ್ಟಿಸುತ್ತಾರಂತೆ.