ಒಡೆಯದ ಹಾಲು

ನಾನು ಚಿಕ್ಕವನಿದ್ದಾಗ, ಮಕ್ಕಳೇ, ಒಂದು ಇಡೀ ದಿನ ಹಾಲಿನ ಪಾತ್ರೆಯ ಮುಂದೆ ಕುಳಿತು, ಹಾಲು ಕೆಡಲಿ ಎಂದು ಕಾದಿದ್ದೆ. ಅಂದಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಜವಳಗೇರಾದ ನಮ್ಮ ಮನೆಗೆ ಪೋಲೆಂಡ್ ದೇಶದಿಂದ ಕಾಗದ ಬರುತ್ತಿತ್ತು. ಅಲ್ಲಿಯ ಹುಡುಗಿಯೊಬ್ಬಳು ಅಕ್ಕನ ಪತ್ರಗೆಳತಿ. ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅಕ್ಕ ಬರೆದು ತಿಳಿಸಿದಂತೆ ಅವಳು ಚಿತ್ರಾನ್ನ ಮಾಡಿ, ಮನೆಯವರೆಲ್ಲ ತಟ್ಟೆ ಹಿಡಿದು ನಿಂತ ಫೋಟೊ ಕಳಿಸಿದ್ದಳು. ಜೊತೆಗೆ ತನ್ನೂರಿನ ಪಿಯೆರೋಗಿ ಮಾಡುವ ಕ್ರಮವನ್ನೂ ಬರೆದಿದ್ದಳು. ನೋಡಲು ನಮ್ಮ ಕಡಬೇ. ಒಳಗೆ ಮಾತ್ರ ಹೂರಣದ ಬದಲು ಬೇಯಿಸಿದ ಆಲೂಗಡ್ಡೆ, ಮತ್ತು ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದ ಮುದ್ದೆ. 'ನೀನೂ ಮಾಡಿ ತಿಂದು, ಹೇಗಿತ್ತೆಂದು ಬರೆ' ಎಂದಿದ್ದಳು. ಮಾಡದೆ ಬರೆಯುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಮರುದಿನ ಬೆಳಿಗ್ಗೆ ಅವಳು ಲಿಂಗಸುಗೂರಿನ ಹಾಸ್ಟೆಲಿಗೆ ಹೊರಡಬೇಕಿತ್ತು. ಉಳಿದದ್ದು ಅದೊಂದೇ ದಿನ.

ಅಪ್ಪ ಸಿಂಧನೂರಿನಿಂದ ಆಲೂಗಡ್ಡೆ ತಂದಿದ್ದ. ತಕರಾರು ಬಂದದ್ದು ಹಾಲಿನಿಂದ. ಅಕ್ಕ ನಿಂಬೆಹಣ್ಣು ಕೈಗೆತ್ತಿಕೊಂಡದ್ದೇ ತಡ, ಅವ್ವ ಕಸಿದುಕೊಂಡಳು.

"ಕೈಯಾರ ಹಾಲು ಒಡೀತಾರೇನಬೇ? ಮನಿ ಒಡದಂಗ ಅದು. ತಾವ ಒಡದ್ವು ಅಂದ್ರ ತಗೋ, ನಾ ಏನೂ ಅನ್ನಂಗಿಲ್ಲ."

ಬೇಕಾದರೆ ಮೊಸರು ಹಿಂಡಿ ಹಾಕು ಎಂದೂ ಹೇಳಿದಳು. "ಕಾಗದದಾಗ ಮೊಸರಿಲ್ಲ" ಎಂದಳು ಅಕ್ಕ.

ಸರಿ, ತಾನಾಗಿಯೇ ಒಡೆಯಲಿ ಎಂದು ಎಮ್ಮೆಯ ಹಸಿ ಹಾಲನ್ನು ಕಾಯಿಸದೆ ಅಂಗಳದ ಬಿಸಿಲಿಗಿಟ್ಟೆವು. ಬೆಕ್ಕು ಬಾರದಂತೆ ಕಾಯಲು ನಾನು. ಬೇರೆ ದಿನ ಅವ್ವ ಒಲೆ ಹಚ್ಚುವುದು ತುಸು ತಡವಾದರೂ ಒಡೆದುಹೋಗುತ್ತಿದ್ದ ಹಾಲು, ಅಂದು ನಿಶ್ಚಿಂತೆಯಿಂದ ನನ್ನನ್ನೇ ನೋಡುತ್ತ ಕುಳಿತಿತ್ತು. ಕಲ್ಲುಹಾಸು ಕಾದು ಅಂಗಾಲು ಚುರುಗುಟ್ಟಿತು. ಒಳಗೆ ನಾದಿಟ್ಟ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಕಾಯುತ್ತಿತ್ತು. ಬೆರಳದ್ದಿ ನೆಕ್ಕಿದೆ. ಸಿಹಿ. ಮತ್ತೆ ನೆಕ್ಕಿದೆ. ಸಿಹಿಯೇ.

ತಾಳಲಾರದೆ ಅಕ್ಕ ನನ್ನನ್ನು ಪಕ್ಕದ ಮನೆಗೆ ಓಡಿಸಿದಳು. ಆ ಮನೆಯ ಚಿಗವ್ವನನ್ನು ಬಾಗಿಲಲ್ಲೇ ನಿಂತು ಕೇಳಿದೆ, "ನಿಮ್ಮನ್ಯಾಗ ಹಾಲು ಒಡದಾವೇನ್ರೀ?"

"ನಿನ್ನ ಬಾಯಾಗ ಮಣ್ಣು ಬೀಳಲಿ! ನಿಮ್ಮನಿ ಹಾಲ ಒಡೀಲಿ, ಹೋಗಲೇ!"

"ಹೂಂ ಚಿಗವ್ವ, ಅವೇ ಒಡೀಬೇಕು. ಇನ್ನೊಮ್ಮೆ ಅನ್ರಿ!"

ಕಸಬರಿಗೆ ನನ್ನ ಬೆನ್ನು ಸವರಿಕೊಂಡು ಹೋಯಿತು. ಅವಳ ಶಾಪವೂ ತಟ್ಟಲಿಲ್ಲ.

ಸಂಜೆ ಹಾಲನ್ನು ಒಲೆಗಿಟ್ಟರು. ಈಗಲಾದರೂ ಒಡೆಯುತ್ತದೆಂದು ಅಕ್ಕನೂ ನಾನೂ ಬಗ್ಗಿ ನೋಡಿದೆವು. ಅದು ಕೆನೆ ಕಟ್ಟಿ, ನುಣ್ಣಗೆ ಉಕ್ಕಿತು. ಆಗ ನಾನು ಅವ್ವ ಗೋಡೆಯ ಗೂಡಿನಲ್ಲಿಟ್ಟಿದ್ದ ನಿಂಬೆಹಣ್ಣನ್ನು ಮುಟ್ಟಿದೆ. ಹಿಂಡಿದೆನೇ? ಇಲ್ಲ. ಆದರೆ ಹಿಂಡಬೇಕಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೆಂದರೆ, ಈಗ ಕೈಯಿಂದ ಅದರ ವಾಸನೆಯೂ ಬರುತ್ತದೆ. ನೆನಪನ್ನು ಬಹಳ ನಂಬಬೇಡಿ.

ಕೊನೆಗೆ ಬರೀ ಆಲೂಗಡ್ಡೆ ತುಂಬಿ ಕುದಿಸಿ, ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಸುರಿದರು. ಮನೆಯೆಲ್ಲ ಘಮಘಮ. "ಕಡಬು ಛಲೋ ಆಗ್ಯಾವಲ್ಲ" ಎಂದು ಅಪ್ಪ ಮತ್ತೆ ಹಾಕಿಸಿಕೊಂಡ. "ಇವು ಅವಲ್ಲ" ಎಂದು ಅಕ್ಕ ತಟ್ಟೆ ಸರಿಸಿದಳು.

ಮರುದಿನ ಅವಳ ಬಸ್ಸು ಕಾಲುವೆ ದಾಟಿದ ಮೇಲೆ ನಮ್ಮ ಹಾಲು ಒಡೆಯಿತು. ಮರುದಿನವೇ ಎಂದರೆ ಕಥೆಗೆ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಅನುಮಾನ. ವಾರದ ಮೇಲೂ ಇರಬಹುದು. ಅವ್ವ ಅದಕ್ಕೆ ಬೆಲ್ಲ ಹಾಕಿ ಕೊಟ್ಟಳು, ನಾನು ಚಪ್ಪರಿಸಿ ತಿಂದೆ, ಅಷ್ಟು ಖಚಿತ. ಅಕ್ಕನಿಗೆ ಹೇಳಲಿಲ್ಲ. ಅವಳೂ ಪೋಲೆಂಡಿಗೆ ಬರೆಯಲಿಲ್ಲ. ಅಲ್ಲಿಂದ ಇನ್ನೆರಡು ಕಾಗದ ಬಂದವು, ಆಮೇಲೆ ನಿಂತವು.

ಮೊನ್ನೆ ನೀವು ಫೋನು ನೋಡಿಕೊಂಡು, ಪಾಕೀಟಿನ ಪನೀರು ಪುಡಿ ಮಾಡಿ, ಒಂದು ತಾಸಿನಲ್ಲಿ ಪಿಯೆರೋಗಿ ಮಾಡಿ ಅಕ್ಕನಿಗೆ ವಿಡಿಯೊದಲ್ಲಿ ತೋರಿಸಿದಿರಿ.

"ಹಾಲು ಯಾರು ಒಡದ್ರು?" ಎಂದು ಅವಳು ಕೇಳಿದಳು.

ನೀವು ಬಿದ್ದು ಬಿದ್ದು ನಕ್ಕಿರಿ. "ಪಾಕೀಟಿನ್ಯಾಗ ಬರ್ತೈತಿ ಅಜ್ಜಿ! ಇನ್ನರ ಪೋಲೆಂಡಿನ ಆಕಿಗಿ ಬರೀರಿ."

"ಮಾಡಿದವ್ರು ನೀವು. ನಾ ಏನಂತ ಬರೀಲಿ?"

ನಿಮಗೆ ಹಾಲು ಒಡೆಯಲೆಂದು ಕಾಯುವ ಕೆಲಸವಿಲ್ಲ. ಅಕ್ಕನ ಮನೆಯಲ್ಲೂ ಈಗ ಹಾಲಿದೆ, ನಿಂಬೆಹಣ್ಣಿದೆ, ಕಸಿದುಕೊಳ್ಳಲು ಅವ್ವ ಇಲ್ಲ. ಆದರೂ ಅವಳು ಇವತ್ತಿನವರೆಗೆ ಕೈಯಾರೆ ಹಾಲು ಒಡೆದಿಲ್ಲ.