ಇನಾಸನ ಟವೆಲ್ಲು

ಮಳೆಗಾಲ ಮುಗಿದು ಕಪಾಟು ತೆಗೆದಾಗ ಮೂಗಿಗೆ ಬಡಿಯುವ ನುಸಿಗುಳಿಗೆಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗೆ ಸ್ವರ್ಗವನ್ನು ನೆನಪಿಸುತ್ತದೆ. ಈ ಲೋಕವನ್ನೇ ಪೂರ್ತಿಯಾಗಿ ನಂಬದ ನನಗೆ ಪರಲೋಕದ ನೆನಪಾಗುವುದೆಂದರೆ ಅದಕ್ಕೊಂದು ಕಾರಣ ಇರಲೇಬೇಕಷ್ಟೆ. ಕಾರಣ, ಮರಿಯಾಣಬಾಯಿ.

ಸದಾಶಿವಗಡದಲ್ಲಿ ನಮ್ಮ ಬೇಲಿಯಾಚೆಗೆ ಅವರ ಮನೆ. ಗಂಡ ಇನಾಸ ಒಂದು ದಿನ ಬೈತಖೋಲ ಬಂದರಿನಿಂದ ಮೀನಿಗೆಂದು ಬೋಟಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಸಮುದ್ರ ಹೆಣವನ್ನೂ ಕೊಡಲಿಲ್ಲ. ಪ್ರತಿವರ್ಷ ಮಳೆ ಬಿಟ್ಟ ಕೂಡಲೇ ಬಾಯಿ ನುಸಿಗುಳಿಗೆ ಹಾಕಿಟ್ಟ ತಗಡಿನ ಟ್ರಂಕನ್ನು ಅಂಗಳಕ್ಕೆ ಎಳೆದು, ತಾನು ಸತ್ತಾಗ ಉಡಿಸಬೇಕಾದ ಬಿಳಿ ಸೀರೆ, ಕೈಗೆ ಸುತ್ತಬೇಕಾದ ಜಪಮಾಲೆ, ಎಲ್ಲವನ್ನೂ ಬಿಸಿಲಿಗೆ ಹರಡಿ ಕಾಗೆ ಬಾರದಂತೆ ಕಾಯುತ್ತ ಕೂರುತ್ತಿದ್ದರು.

"ಪಯಣ ಯಾವಾಗ, ಬಾಯಿ?" ಎಂದು ನಾನು ಬೇಲಿಯ ಮೇಲಿಂದ ವಿಚಾರಿಸುವುದು ವಾಡಿಕೆ.

"ನಿಮ್ಮ ಕೆಮ್ಮು ಕೇಳಿದ್ರೆ ನೀವೇ ಮೊದ್ಲು ಹೊರಡೂ ಹಾಗೆ ಕಾಣ್ತದೆ, ಮಾಸ್ತರ್ರೇ."

ಆ ಸರಂಜಾಮಿನಲ್ಲಿ ಕೆಂಪು ಅಂಚಿನ ಹೊಸ ಟವೆಲ್ಲೊಂದಿತ್ತು. ಇದ್ಯಾಕೆಂದು ಒಮ್ಮೆ ಕೇಳಿದೆ.

"ಇನಾಸನಿಗೆ. ಅಲ್ಲಿ ದೇವರೇ ಕಣ್ಣೀರು ಒರೆಸ್ತಾನೆ ಅಂತ ಪಾದ್ರಿಗಳು ಹೇಳಿದ್ರು. ಒರೆಸ್ಲಿ. ತಲೆ ಯಾರು ಒರೆಸೂದು? ಅಂವ ಒದ್ದೆ ತಲೆಯಲ್ಲೇ ಹೋದಂವ."

"ಸ್ವರ್ಗದಲ್ಲಿ ಒಂದು ಟವೆಲ್ಲಿಗೂ ಗತಿ ಇಲ್ವಾ?"

"ಇರ್ಬಹುದು. ಇನಾಸ ಕೇಳಬೇಕಲ್ರಾ! ಬಹಳ ನಾಚಿಕೆ ಅವನಿಗೆ."

ದೇವರ ದಯೆಯ ಮೇಲೆ ಪೂರ್ಣ ವಿಶ್ವಾಸ, ಅಲ್ಲಿನ ವ್ಯವಸ್ಥೆಯ ಮೇಲೆ ಮಾತ್ರ ಅಲ್ಪ ಸಂಶಯ: ಇಷ್ಟು ಹದವಾದ ಭಕ್ತಿಯನ್ನು ನಾನು ಯಾವ ಮತದಲ್ಲೂ ಕಂಡವನಲ್ಲ.

ಕೊನೆಗೆ ಹಾಸಿಗೆ ಹಿಡಿದಾಗ ಬಾಯಿ ಟವೆಲ್ಲನ್ನು ನನ್ನ ಕೈಗೇ ಕೊಟ್ಟರು. "ನಮ್ಮವರೆಲ್ಲ ಅಳೂ ಗಡಿಬಿಡಿಯಲ್ಲಿ ಮರೀತಾರೆ. ನೀವು ನಂಬೂದಿಲ್ಲ, ಅಳೂದೂ ಇಲ್ಲ. ಪೆಟ್ಟಿಗೆಯಲ್ಲಿ ನನ್ನ ಕೈಗೆ ಸಿಗೂ ಹಾಗೆ ಇಡಿ. ಒಣಗಿದ್ದು, ಆಯ್ತಾ?"

ನನ್ನ ನಾಸ್ತಿಕತೆಗೆ ಸಿಕ್ಕ ಏಕೈಕ ಮನ್ನಣೆ ಅದು.

ಬಾಯಿ ಹೋದದ್ದು ಆಷಾಢದ ಜಡಿಮಳೆಯಲ್ಲಿ. ಟವೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಗರ್ಜಿಗೆ ಹೊರಟೆ. ದಾರಿಯಲ್ಲಿ ಗಾಳಿಗೆ ಕೊಡೆ ಮಗುಚಿತು. ತೊಪ್ಪೆಯಾಗಿ ಒಳಗೆ ಹೋಗಿ, ಕೊನೆಯ ದರ್ಶನದ ಸಾಲಿನಲ್ಲಿ ನಿಂತು ಎರಡು ಸಲ ಸೀನಿದೆ. ಕೈಗೆ ಹಳೆಯ ಅಭ್ಯಾಸ ನೋಡಿ, ಚೀಲದಿಂದ ಬಟ್ಟೆ ಎಳೆದು ತಲೆ ಉಜ್ಜಿತು. ಕುತ್ತಿಗೆ, ಕಿವಿಯ ಹಿಂದೆ, ಏನನ್ನೂ ಬಿಡಲಿಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ಕೆಂಪು ಅಂಚು.

ಪೆಟ್ಟಿಗೆಯ ಮುಂದೆ ನನ್ನ ಸರದಿ ಬಂತು. ಅಷ್ಟು ವರ್ಷ ಒದ್ದೆ ತಲೆಯಲ್ಲಿ ಕಾದವನಿಗೆ ಒದ್ದೆ ಟವೆಲ್ಲು ಕಳಿಸುವುದೇ? ಸ್ವಲ್ಪ ತಡೆಯಿರಿ, ಒಣಗಿಸಿ ತರುತ್ತೇನೆ ಎನ್ನುವ ಜಾಗವೂ ಅದಲ್ಲ. ಬರಿಗೈಯಲ್ಲಿ ಕೈಮುಗಿದೆ. ಮುಚ್ಚಳ ಹಾಕಿದರು. ಅಳುವುದಿಲ್ಲ ಎಂಬ ಕಾರಣಕ್ಕೆ ಆಯ್ಕೆಯಾದವನು ಅಳದೆ ಇರುವುದರಲ್ಲೂ ಅನುತ್ತೀರ್ಣನಾದೆ.

ಇವತ್ತು ಟವೆಲ್ಲು ಬಿಸಿಲಿಗೆ ಬಂದಿದೆ. ಕಾಗೆ ಕಾಯುತ್ತ ನಾನೇ ಕೂತಿದ್ದೇನೆ.

"ಇದನ್ನ ನೆಲ ಒರೆಸೂಕೆ ತಕ್ಕೊಳ್ಳಲಾ?" ಎಂದಳು ನನ್ನ ಹೆಂಡತಿ.

"ಬೇಡ. ನಾನು ಹೋಗುವಾಗ ನನ್ನ ಎದೆಯ ಮೇಲೆ ಇಡು."

"ಎಲ್ಲಿಗೆ ಹೋಗೂದು? ಮೇಲೆ ಎಂತದೂ ಇಲ್ಲ ಅಂತ ಜನ್ಮವಿಡೀ ಹೇಳಿದ್ರಲ್ಲ!"

ಹೇಳಿದ್ದೆ ನಿಜ. ನಮ್ಮಲ್ಲಿ ಸುಡುತ್ತಾರಾದ್ದರಿಂದ ಟವೆಲ್ಲು ಈ ಸಲ ಒಣಗಿಯೇ ತಲುಪುತ್ತದೆ, ಆ ಚಿಂತೆಯಿಲ್ಲ. ತಲುಪಲು ಒಂದು ಜಾಗ ಇರಬೇಕು, ಅಷ್ಟೇ. ಬಾಗಿಲ ಹತ್ತಿರವೇ ಇನಾಸ ಯಾರನ್ನೂ ಏನನ್ನೂ ಕೇಳದೆ, ತಲೆಯಿಂದ ನೀರು ಇಳಿಸುತ್ತ ನಿಂತಿರುತ್ತಾನೆ. ಪಕ್ಕದಲ್ಲಿ ಬಾಯಿ, ನನ್ನ ಕೆಮ್ಮು ಕೇಳುತ್ತದೆಯೇ ಎಂದು ಕಿವಿಗೊಟ್ಟು.